ಸಹಾಯ ಬೇಕು: ಟಿಬೆಟಿಯನ್ನರ ನೆಚುಂಗ್ ದರ್ಶನದ ಬಗ್ಗೆ ತಿಳಿದವರು ಇದೀರಾ?

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಕಡೆಯವಳು, ಚಿಕ್ಕಂದಿನಿಂದ ಭೂತಕೋಲ ನೋಡ್ಕೊಂಡೇ ಬೆಳೆದಿದ್ದು, ಪಾತ್ರಿಗೆ ದರ್ಶನ ಬರೋ ಮುಂಚೆ ಕೈಲಿದ್ದ ಹಿಂಗಾರ (ಅಡಿಕೆ ಹೂ) ನಡುಗೋದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದಕ್ಕೇ ಧರ್ಮಶಾಲೆಯ ನೆಚುಂಗ್ ಮಠದ ವಿಷಯ ಓದಿದಾಗಿಂದ ತಲೆಯಿಂದ ಹೋಗ್ತಾನೇ ಇಲ್ಲ. ಅಲ್ಲಿ ನೆಚುಂಗ್ ಅನ್ನೋ ದೈವ ಯಾರ ಮೈಮೇಲೆ ಬರುತ್ತೋ ಅವರನ್ನ ಕುತೆನ್ ಅಂತಾರೆ, ಈಗಿನವರು ತುಪ್ತೆನ್ ಙೋದುಪ್, 1987ರಿಂದ ಅವರೇ. 1959ರಲ್ಲಿ ದಲೈ ಲಾಮಾ ಲಾಸಾ ಬಿಡೋ ಮುಂಚೆ ಕೇಳಿದ್ದೂ ಈ ನೆಚುಂಗ್ ದೈವವನ್ನೇ.

ಮಂತ್ರ ಹೇಳ್ತಾ ಹೇಳ್ತಾ ಆವೇಶ ಏರಿದ ಮೇಲೇನೇ ಆ ಭಾರದ ಕಿರೀಟ ಇಟ್ಟು ಬಿಗಿಯಾಗಿ ಕಟ್ತಾರಂತೆ, ದೈವ ಬಿಟ್ಟ ತಕ್ಷಣ ಕುತೆನ್ ಕುಸಿದು ಬೀಳ್ತಾರೆ, ಸುತ್ತ ಇದ್ದೋರು ಗಡಿಬಿಡಿಯಲ್ಲಿ ಆ ಗಂಟು ಬಿಚ್ಚಿ ಎತ್ಕೊಂಡು ಹೋಗ್ತಾರೆ. ಓದ್ತಾ ನನಗಂತೂ ನಮ್ಮೂರ ಪಾತ್ರಿಯೇ ನೆನಪಾದ್ರು, ಕಣ್ಣು ತುಂಬಿ ಬಂತು.

ಬೈಲಕುಪ್ಪೆ ಅಥವಾ ಮುಂಡಗೋಡಿನಲ್ಲಿ ಕನ್ನಡ ಮಾತಾಡೋ ಹಿರಿಯ ಟಿಬೆಟಿಯನ್ನರು ಯಾರಾದ್ರೂ ಪರಿಚಯ ಇದ್ರೆ, ದಯವಿಟ್ಟು ಅವರನ್ನೇ ಮೊದಲು ಕೇಳಿ, ಒಪ್ಪಿದ್ರೆ ಮಾತ್ರ ನನಗೆ ಮೆಸೇಜ್ ಮಾಡಿ. ಹೊರಗಿನವರು ದರ್ಶನ ನೋಡಬಹುದಾ, ಹೆಂಗಸರಿಗೆ ಬಿಡ್ತಾರಾ ಅನ್ನೋದೂ ಗೊತ್ತಿದ್ರೆ ಹೇಳಿ. ವಿಡಿಯೋ ಮಾಡೋ ಉದ್ದೇಶ ಖಂಡಿತ ಇಲ್ಲ, ಕೂತು ಕೇಳಬೇಕು ಅಷ್ಟೇ.