ಅಕ್ಕನ ಮದುವೆ ಕ್ಯಾಸೆಟ್: ಡಿಇಂಟರ್‌ಲೇಸ್ ಮಾಡಬೇಕಾ, ಬೇಡ್ವಾ?

ಬಸವನಗುಡಿ ಕಡಲೆಕಾಯಿ:
2003ರಲ್ಲಿ ಆದ ಅಕ್ಕನ ಮದುವೆಯ ಮೂರು ಮಿನಿಡಿವಿ (ಹಳೇ ಡಿಜಿಟಲ್ ಕ್ಯಾಮೆರಾದ ಪುಟ್ಟ) ಕ್ಯಾಸೆಟ್ ಇವೆ. ಎಸ್‌ಪಿ ರೋಡೆಲ್ಲ ಅಲೆದು ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವ ಫೈರ್‌ವೈರ್ ಕಾರ್ಡ್ ತಂದೆ, ಕಂಪ್ಯೂಟರಿಗೆ ಇಳಿಸಿದೆ. ಗಂಟೆಗೆ ಸುಮಾರು 13 ಜಿಬಿ! ಈಗ ಎಚ್.264 ಅನ್ನುವ ಚಿಕ್ಕ ಫೈಲ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಅಮ್ಮನಿಗೆ ಟಿವಿಯಲ್ಲಿ ತೋರಿಸಬೇಕು. ಕಂಪ್ಯೂಟರಿನಲ್ಲಿ ನೋಡಿದರೆ, ಯಾರಾದರೂ ಕೈ ಬೀಸಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ. ಅಕ್ಷತೆ ಹಾಕುವಾಗಂತೂ ಒಂದೊಂದು ಕಾಳೂ ಎರಡಾಗಿ ಕಾಣುತ್ತದೆ. ಡಿಇಂಟರ್‌ಲೇಸ್ ಮಾಡಲಾ, ಅಂದರೆ ಹೆಣೆದ ಗೆರೆಗಳನ್ನು ಬಿಡಿಸಲಾ, ಹಾಗೇ ಬಿಡಲಾ?

ಹಳೇ ಕೇಬಲ್‌ನವನು:
ಹಾಗೇ ಬಿಡಿ. ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್. ಒಂದೊಂದರಲ್ಲೂ ಎರಡು ಫೀಲ್ಡ್, ಒಂದಕ್ಕೆ ಬೆಸ ಗೆರೆ, ಇನ್ನೊಂದಕ್ಕೆ ಸಮ ಗೆರೆ. ಎರಡೂ ಬೇರೆ ಬೇರೆ ಗಳಿಗೆಯಲ್ಲಿ ತೆಗೆದು ಹೆಣೆದವು, ಅದೇ ಇಂಟರ್‌ಲೇಸ್. ಅವನ್ನು ಬಿಡಿಸಿ ತೋರಿಸುವುದು ಟಿವಿಯ ಕೆಲಸ. ನೀವ್ಯಾಕೆ ಕೈ ಹಾಕ್ತೀರಿ?

ರಾಜಾಜಿನಗರ ರೆಂಡರ್:
ಸರ್, ಸೆಟ್‌ಟಾಪ್ ಬಾಕ್ಸ್‌ನಿಂದ ಬಂದರೆ ಆ ಮಾತು ಸರಿ. ಪೆನ್‌ಡ್ರೈವ್‌ನಿಂದ ಓಡಿಸಿದಾಗ ಎಲ್ಲ ಟಿವಿಯೂ ಬಿಡಿಸುವುದಿಲ್ಲ. ನಮ್ಮ ಮನೆಯ ಟಿವಿ ಡಿವಿಡಿಯನ್ನು ಚೆನ್ನಾಗಿ ತೋರಿಸುತ್ತದೆ, ಅದೇ ಫೈಲ್ ಯುಎಸ್‌ಬಿಯಲ್ಲಿ ಕೊಟ್ಟರೆ ಬಾಚಣಿಗೆ. ಎನ್‌ಕೋಡ್ ಮಾಡುವಾಗ, ಅಂದರೆ ಹೊಸ ಫೈಲ್ ಕಟ್ಟುವಾಗ, ಇದು ಇಂಟರ್‌ಲೇಸ್ ಅಂತ ಹೇಳದೇ ಇದ್ದರಂತೂ ಟಿವಿಗೆ ಗೊತ್ತಾಗುವುದಾದರೂ ಹೇಗೆ?

ಕೋರಮಂಗಲ ಕೋಡೆಕ್:
ಡಿಇಂಟರ್‌ಲೇಸ್ ಮಾಡಿ, 25 ಫ್ರೇಮ್‌ಗೆ ಇಳಿಸಿ, ಮುಗೀತು. ಮದುವೆ ವಿಡಿಯೋಗೆ ಇಷ್ಟು ಸಾಕು.

ರಾಜಾಜಿನಗರ ರೆಂಡರ್:
ಸಾಕಾಗಲ್ಲ. ಕ್ಯಾಮೆರಾ ಸೆಕೆಂಡಿಗೆ 50 ಸಲ ನೋಡಿದೆ. ನೀವು 25 ಮಾಡಿದರೆ ಅರ್ಧ ಚಲನೆ ಕಸದ ಬುಟ್ಟಿಗೆ. ಒಂದೊಂದು ಫೀಲ್ಡನ್ನೂ ಒಂದು ಪೂರ್ತಿ ಫ್ರೇಮ್ ಮಾಡಿಸಿ, 50 ಇಟ್ಟುಕೊಳ್ಳಿ. ಎಫ್‌ಎಫ್‌ಎಂಪೆಗ್ ಸಾಫ್ಟ್‌ವೇರ್‌ನಲ್ಲಿ ಗೆರೆ ಬಿಡಿಸಲು ಎರಡು ಫಿಲ್ಟರ್ ಇವೆ: ಯಾಡಿಫ್ ಸುಮ್ನೆ ಹಾಕಿದರೆ 25 ಕೊಡುತ್ತದೆ, ಬಿಡಬ್ಲ್ಯೂಡಿಫ್ ಸುಮ್ನೆ ಹಾಕಿದರೆ 50. ಎಷ್ಟೋ ಜನ ಇಲ್ಲೇ ಎಡವುವುದು. ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್ ಆದರೆ ಬಾಬ್ ಅನ್ನುವ ಆಯ್ಕೆ ಆರಿಸಿ.

ಹಳೇ ಕೇಬಲ್‌ನವನು:
ಇನ್ನೊಂದು. ಡಿವಿಯಲ್ಲಿ, ಅಂದರೆ ನಿಮ್ಮ ಕ್ಯಾಸೆಟ್‌ನ ಪದ್ಧತಿಯಲ್ಲಿ, ಕೆಳಗಿನ ಫೀಲ್ಡ್ ಮೊದಲು. ಸಾಫ್ಟ್‌ವೇರ್ ತಲೆಕೆಳಗು ಮಾಡಿಕೊಂಡರೆ ಚಿತ್ರ ಮುಂದೆರಡು ಹೆಜ್ಜೆ, ಹಿಂದೊಂದು ಹೆಜ್ಜೆ ಕುಣಿಯುತ್ತದೆ. ಆಮೇಲೆ ಡಿಇಂಟರ್‌ಲೇಸನ್ನು ಬೈಯಬೇಡಿ.

ಮಲ್ಲೇಶ್ವರದ ಸವಿ:
ಹಳೇ ಸಿನಿಮಾ ಡಿವಿಡಿಗೂ ಹೀಗೇ ಮಾಡಬೇಕಾ?

ರಾಜಾಜಿನಗರ ರೆಂಡರ್:
ಬೇಡ ಮೇಡಂ. ಸಿನಿಮಾ ತೆಗೆದಿರುವುದೇ ಸೆಕೆಂಡಿಗೆ 24 ಫ್ರೇಮ್. ಪಾಲ್ ಡಿವಿಡಿಗೆ ಸಾಮಾನ್ಯವಾಗಿ ಅದನ್ನು 25ಕ್ಕೆ ಓಡಿಸಿ ಹಾಕುತ್ತಾರೆ. ಎರಡು ಫೀಲ್ಡೂ ಒಂದೇ ಗಳಿಗೆಯವು, ಬಿಡಿಸಲು ಏನೂ ಇಲ್ಲ. ಬಿಡಿಸಲು ಹೋದರೆ ಅಕ್ಷರದ ಅಂಚು ಮಸುಕಾಗುತ್ತದೆ ಅಷ್ಟೇ. ಓಡುವ ದೃಶ್ಯವನ್ನು ನಿಲ್ಲಿಸಿ ನೋಡಿ, ಬಾಚಣಿಗೆ ಇಲ್ಲದಿದ್ದರೆ ಬಿಟ್ಟುಬಿಡಿ.

ಕೋರಮಂಗಲ ಕೋಡೆಕ್:
ಸರಿ, 50 ಒಪ್ಪಿದೆ. ಹಾಗಿದ್ದರೆ 1080 ಗೆರೆಗೆ ಹಿಗ್ಗಿಸಿಬಿಡಲಿ?

ಹಳೇ ಕೇಬಲ್‌ನವನು:
ಬಿಡಿಸದೆ ಹಿಗ್ಗಿಸಿದರೆ ಬೆಸ ಸಮ ಗೆರೆಗಳೆಲ್ಲ ಕಲಸಿ ಚಿತ್ರಾನ್ನ. ಆಮೇಲೆ ಯಾವ ಟಿವಿಯೂ ಬಿಡಿಸಲಾರದು. ಬಿಡಿಸಿಯೇ ಹಿಗ್ಗಿಸಿ. ನಾನಾದರೆ ಮೂಲದ 576 ಗೆರೆಯಲ್ಲೇ ಬಿಡುತ್ತೇನೆ.

ಬಸವನಗುಡಿ ಕಡಲೆಕಾಯಿ:
ಧಾರೆಯ ಒಂದು ನಿಮಿಷ ಕತ್ತರಿಸಿ ಮೂರು ಥರ ಮಾಡಿ ನೋಡಿದೆ. ಹಾಗೇ ಬಿಟ್ಟದ್ದು ಅಮ್ಮನ ಟಿವಿಯಲ್ಲಿ ಬಾಚಣಿಗೆಯೇ. 25ರದ್ದು ಚೊಕ್ಕ, ಆದರೆ ಡೋಲಿನವರ ಕೈ ತಡವರಿಸಿದ ಹಾಗಿದೆ. 50ರಲ್ಲಿ ಅಕ್ಷತೆ ನಿಜವಾಗಿ ಬೀಳುತ್ತದೆ! ಅದನ್ನೇ ಇಟ್ಟೆ. ಕೇಬಲ್ ಸರ್, ಬೇಜಾರಿಲ್ಲ ಅಲ್ವಾ?

ಹಳೇ ಕೇಬಲ್‌ನವನು:
ಬೇಜಾರು ಯಾಕೆ. ನನ್ನ 21 ಇಂಚಿನ ಡಬ್ಬಾ ಟಿವಿಯಲ್ಲಿ ಏನೂ ಮಾಡದಿದ್ದದ್ದೇ ಚೆಂದ ಕಾಣುತ್ತದೆ, ಬಂದು ನೋಡಿ. ಆ ಡಿವಿ ಫೈಲ್ ಮಾತ್ರ ಅಳಿಸಬೇಡಿ. ಒಂದು ಸಲ ಬಿಡಿಸಿದ್ದನ್ನು ಮತ್ತೆ ಮೊದಲಿನಂತೆ ಹೆಣೆಯಲು ಆಗುವುದಿಲ್ಲ. ಮೂರಕ್ಕೂ ಸೇರಿ 39 ಜಿಬಿ ತಾನೇ?

ಬಸವನಗುಡಿ ಕಡಲೆಕಾಯಿ:
ಇನ್ನೂ ಬೀಗರ ಊಟದ ಕ್ಯಾಸೆಟ್ ಇಳಿಸಿಲ್ಲ ಸರ್.