ಒತ್ತಾಸೆಯೋ ಒತ್ತಾಯವೋ: ಈ 'ಕೋಚಿಂಗ್‌'ಗೆ ಏನನ್ನೋಣ?

ಗೆಳೆಯರೇ,

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ತಂಬಾಕು ಬಿಡಬೇಕು ಅಂತ ಬರುವವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಬೀಡಿ, ಸಿಗರೇಟು, ಗುಟ್ಕಾ, ಎಲೆಅಡಿಕೆ ಜೊತೆಗಿನ ಹೊಗೆಸೊಪ್ಪು, ಎಲ್ಲ ಬರುತ್ತದೆ. ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಇಂಗ್ಲಿಷಿನವರು ಇದನ್ನು ಕೋಚಿಂಗ್ ಅನ್ನುತ್ತಾರೆ. ನಾನು ಆ ಒಂದು ಪದದ ಹತ್ತಿರವೇ ನಿಂತುಬಿಟ್ಟಿದ್ದೇನೆ.

ಕೋಚಿಂಗ್ ಅಂತಲೇ ಇಟ್ಟುಕೊಂಡರೆ ಆಗಲ್ವಾ ಅಂದರೆ, ನಮ್ಮಲ್ಲಿ ಕೋಚಿಂಗ್ ಅಂದ ಕೂಡಲೇ ಕಣ್ಣಿಗೆ ಬರುವುದು ಧಾರವಾಡದ, ಬೆಂಗಳೂರಿನ ವಿಜಯನಗರದ ಪರೀಕ್ಷೆ ಕ್ಲಾಸುಗಳು. ಬೋರ್ಡು, ಮೇಷ್ಟ್ರು, ನೋಟ್ಸು. ಪದದ ಮೂಲ ಮಾತ್ರ ಚೆನ್ನಾಗಿದೆ. ಹಂಗೇರಿಯ ಕೋಚ್ ಎಂಬ ಊರಿನಲ್ಲಿ ಮಾಡುತ್ತಿದ್ದ ಬಂಡಿಗೆ ಊರಿನ ಹೆಸರೇ ಬಂತು. 1830ರ ಸುಮಾರಿಗೆ ಆಕ್ಸ್‌ಫರ್ಡ್ ಹುಡುಗರು, ಪರೀಕ್ಷೆ ದಾಟಿಸುವ ಮೇಷ್ಟ್ರಿಗೆ ಆ ಬಂಡಿಯ ಹೆಸರಿಟ್ಟರು. ಬಂಡಿ ಎಲ್ಲಿಗೆ ಹೋಗಬೇಕು ಅಂತ ಹತ್ತಿದವರೇ ಹೇಳುತ್ತಾರೆ ಅಲ್ವಾ? ನನಗೆ ಬೇಕಾದ ಅರ್ಥ ಅದೇ. ಆದರೆ ಕನ್ನಡದಲ್ಲಿ ಓದುವವರಿಗೆ ಆ ಬಂಡಿ ಕಾಣುವುದಿಲ್ಲ.

ಕ್ಲೈಂಟ್ ಅನ್ನುವುದಕ್ಕೂ ಇದೇ ಪಾಡು. ಕಕ್ಷಿದಾರ ಅಂದರೆ ಕೋರ್ಟು, ಗ್ರಾಹಕ ಅಂದರೆ ಅಂಗಡಿ, ಫಲಾನುಭವಿ ಅಂದರೆ ಸರ್ಕಾರಿ ಅರ್ಜಿ. ನಾನು 'ಬರುವವರು' ಅಂತ ಬರೆದು ಮುಂದೆ ಹೋಗಿದ್ದೇನೆ.

ಈಗ ಮುಖ್ಯ ವಿಷಯ. ಇಂಥ ಕಡೆ ನಾವು ಯೋಚನೆಯೇ ಇಲ್ಲದೆ '-ಇಸು' ಹಚ್ಚುತ್ತೇವೆ. ಗೋಡೆಯ ಮೇಲಿನ ಜಾಹೀರಾತು ನೋಡಿ: 'ಕುಡಿತ ಬಿಡಿಸಲಾಗುವುದು'. ಬಿಡುವವನು ಒಬ್ಬ, ಬಿಡಿಸುವವನು ಇನ್ನೊಬ್ಬ. ಅವರೆಕಾಳು ಬಿಡಿಸುತ್ತೇವೆ, ಕಿತ್ತಳೆ ಸಿಪ್ಪೆ ಬಿಡಿಸುತ್ತೇವೆ. ಕಾಳಿಗೆ ಅದರಲ್ಲಿ ಕೆಲಸವೇನೂ ಇಲ್ಲ. ಪ್ರೇರೇಪಿಸು, ಹುರಿದುಂಬಿಸು, ಮನವೊಲಿಸು, ಎಲ್ಲವೂ ಇದೇ ಸಾಲಿನವು. ಕಬಡ್ಡಿ ಅಂಗಳದ ಪಕ್ಕ ನಿಂತು ಹುರಿದುಂಬಿಸಬಹುದು. ಬೆಳಗಿನ ಆರು ಗಂಟೆಗೆ ಟೀ ಕುಡಿದ ಮೇಲೆ ಜೇಬಿಗೆ ಹೋಗುವ ಕೈಯನ್ನು ಯಾರು ಹುರಿದುಂಬಿಸಬೇಕು?

ಶುರುವಿನ ದಿನಗಳಲ್ಲಿ ನಾನೂ ಬಿಡಿಸಲು ಹೋಗುತ್ತಿದ್ದೆ. ಒಬ್ಬ ಆಟೋ ಚಾಲಕರು ಬಂದಿದ್ದರು. "ಬಿಡಬೇಕು ಅಂತ ಮನಸ್ಸಿದೆ ಮೇಡಂ, ಆದ್ರೆ ಬಿಡೋಕೆ ಮನಸ್ಸು ಬರ್ತಿಲ್ಲ" ಅಂದರು. ನಾನು ಆ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಕ್ಯಾನ್ಸರ್ ಚಿತ್ರ ತೋರಿಸಿ, "ಮಕ್ಕಳ ಮುಖ ನೋಡಿ ಬಿಡಲೇಬೇಕು" ಅಂತ ಅರ್ಧ ಗಂಟೆ ಹೇಳಿದೆ. ಅವರು ತಲೆ ಆಡಿಸಿದರು, ಕೈ ಮುಗಿದರು, ಹೋದರು. ಮತ್ತೆ ಬರಲಿಲ್ಲ. ಆ ಒಂದು ವಾಕ್ಯ ಮಾತ್ರ ನನ್ನ ಜೊತೆ ಉಳಿಯಿತು. ಮನಸ್ಸಿದೆ, ಮನಸ್ಸು ಬರುತ್ತಿಲ್ಲ. ಪುಸ್ತಕಗಳು 'ದ್ವಂದ್ವ ಮನಃಸ್ಥಿತಿ' ಅನ್ನುವುದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು.

ನಮ್ಮ ಭಾಷೆ ಇಲ್ಲಿ ಎಷ್ಟು ಚೆನ್ನಾಗಿದೆ ನೋಡಿ. 'ನನಗೆ ಮನಸ್ಸಿದೆ', 'ನನಗೆ ಮನಸ್ಸಾಯಿತು', ಇವು ತಾವಾಗಿಯೇ ಆಗುವಂಥವು. 'ನಾನು ಮನಸ್ಸು ಮಾಡಿದೆ' ಅಂದಾಗ ಮಾತ್ರ ಆ ಮನುಷ್ಯ ಮುಂದೆ ಬಂದು ನಿಲ್ಲುತ್ತಾನೆ. 'ನನಗೆ' ಹೋಗಿ 'ನಾನು' ಬರುವ ಹೊತ್ತಿಗಾಗಿ ಕಿವಿ ಕೊಟ್ಟು ಕೂರುವುದೇ ನನ್ನ ಕೆಲಸದ ಮುಕ್ಕಾಲು ಪಾಲು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಕುಡಿತದ ತೊಂದರೆ ಇರುವವರ ಬಗ್ಗೆ 1983ರಲ್ಲಿ ಬರೆದ ಲೇಖನದಿಂದ ಈ ದಾರಿ ಶುರುವಾಯಿತು. ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆಯಾದರು. ಬದಲಾಗಬೇಕು ಅನ್ನುವ ಕಾರಣ ಬಂದವರ ಬಾಯಿಂದಲೇ ಬರಬೇಕು, ನಾವು ವಾದಕ್ಕೆ ಇಳಿದರೆ ಅವರು ಬದಲಾಗದೆ ಇರುವುದರ ಪರ ವಾದಿಸುತ್ತಾರೆ ಅನ್ನುವುದು ಅದರ ತಿರುಳು. ಆಟೋ ಚಾಲಕರ ವಿಷಯದಲ್ಲಿ ನಾನು ಮಾಡಿದ್ದು ಸರಿಯಾಗಿ ಇದರ ಉಲ್ಟಾ.

ಹಾಗಾದರೆ ಇದಕ್ಕೆ ಪದ ಯಾವುದು? ನನಗೆ ಹೊಳೆದದ್ದು 'ಒತ್ತಾಸೆ'. ಬಾಳೆಗೊನೆಯ ಭಾರಕ್ಕೆ ಗಿಡ ವಾಲಿದರೆ ನಮ್ಮಜ್ಜಿ ಕವೆಗೋಲು ತಂದು ಆಸರೆಯಾಗಿ ನೆಡುತ್ತಿದ್ದರು. "ಒಂದು ಒತ್ತಾಸೆ ಇರ್ಲಿ" ಅನ್ನುತ್ತಿದ್ದರು. ಕೋಲು ಗೊನೆ ಬಿಡುವುದಿಲ್ಲ, ಗಿಡವನ್ನು ಎಳೆಯುವುದೂ ಇಲ್ಲ. ಸುಮ್ನೆ ಪಕ್ಕದಲ್ಲಿ ನಿಂತಿರುತ್ತದೆ. ಗಿಡ ವಾಲಿದಾಗ ಸಿಗುತ್ತದೆ. ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಆದರೆ ಒಂದು ಅಳುಕಿದೆ. ಈಚೆಗೆ ಪುಸ್ತಕಗಳ ಮುನ್ನುಡಿಯಲ್ಲಿ 'ಗೆಳೆಯರ ಒತ್ತಾಸೆಯ ಮೇರೆಗೆ ಇದನ್ನು ಬರೆದೆ' ಅನ್ನುವ ಮಾತು ಜಾಸ್ತಿ ಕಾಣುತ್ತದೆ. ಅಲ್ಲಿ ಗೆಳೆಯರು ಬೆಂಬಲವಾಗಿ ನಿಂತರೋ, ಬರಿ ಬರಿ ಅಂತ ಬೆನ್ನು ಬಿದ್ದರೋ? 'ಮೇರೆಗೆ' ಸೇರಿದ ಕೂಡಲೇ ಒತ್ತಾಸೆ ಹೋಗಿ ಒತ್ತಾಯದ ಪಕ್ಕ ಕೂತಂತೆ ನನಗೆ ಕೇಳಿಸುತ್ತದೆ. ಒತ್ತಡ, ಒತ್ತುವರಿ, ಒತ್ತಾಯ ಅಂತ ಸುತ್ತ ಇರುವ ನೆಂಟರೆಲ್ಲ ಒತ್ತುವವರೇ. ಅವುಗಳ ಸಹವಾಸದಿಂದ ಈ ಪದವೂ ಆ ಕಡೆ ಜಾರುತ್ತಿದೆಯಾ?

ಪದಗಳು ಹೀಗೆ ಜಾರುವುದು ಹೊಸದಲ್ಲ. 'ಕುಮ್ಮಕ್ಕು' ನೋಡಿ. ನೆರವು ಅನ್ನುವ ಅರ್ಥದ ಪಾರಸಿಯ ಕುಮಕ್ ಅದರ ಬೇರು. ಕಾಡಾನೆ ಹಿಡಿಯಲು ನೆರವಾಗುವ ಕುಮ್ಕಿ ಆನೆಯಲ್ಲಿ, ಕರಾವಳಿಯಲ್ಲಿ ತೋಟಕ್ಕೆ ಸೊಪ್ಪು ಸೌದೆ ಒದಗಿಸುವ ಕುಮ್ಕಿ ಜಮೀನಿನಲ್ಲಿ ಆ ಒಳ್ಳೆಯ ಅರ್ಥ ಹಾಗೇ ಇದೆ. ಕುಮ್ಮಕ್ಕು ಮಾತ್ರ ಕೆಟ್ಟ ಕೆಲಸಕ್ಕೇ ಅಂಟಿಕೊಂಡಿತು. ಒಳ್ಳೆಯ ಕೆಲಸಕ್ಕೆ ಯಾರೂ ಕುಮ್ಮಕ್ಕು ಕೊಡುವುದಿಲ್ಲ. ಒತ್ತಾಸೆಗೂ ಹಾಗಾದರೆ ನನಗೆ ನಿಜವಾಗಿ ಬೇಜಾರಾಗುತ್ತದೆ.

ಇನ್ನೊಂದು ಪದ ಕೈಪಿಡಿಯಲ್ಲಿ ಆಗಲೇ ಸೇರಿದೆ. ಬಿಟ್ಟವರು ಮತ್ತೆ ಒಂದು ಬೀಡಿ ಸೇದಿದರೆ 'ಮರುಕಳಿಸಿತು' ಅನ್ನುವುದನ್ನು ತೆಗೆದು 'ಎಡವಿದರು' ಅಂತ ಬರೆದೆ. ಮರುಕಳಿಸುವುದು ಜ್ವರ. ಎಡವುವುದು ನಡೆಯುತ್ತಿರುವವರು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರನ್ನು 'ನವಜೀವನ ಸದಸ್ಯರು' ಅಂತ ಕರೆಯುವುದೂ ನನಗೆ ಇಷ್ಟ. ಬಿಟ್ಟ ಕುಡಿತದ ಹೆಸರು ಆ ಪದದಲ್ಲಿ ಇಲ್ಲವೇ ಇಲ್ಲ.

ನನ್ನ ಪ್ರಶ್ನೆ ಇಷ್ಟು. ನಿಮ್ಮ ಕಡೆ ಮನೆಮಾತಿನಲ್ಲಿ 'ಒತ್ತಾಸೆ' ಅಂದರೆ ಆಸರೆಯೋ, ಒತ್ತಾಯವೋ? 'ಒತ್ತಾಸೆಯಾಗಿ ನಿಂತರು' ಮತ್ತು 'ಒತ್ತಾಸೆಯ ಮೇರೆಗೆ', ಇವೆರಡರಲ್ಲಿ ಯಾವುದು ನಿಮ್ಮ ಕಿವಿಗೆ ಸಹಜ? ಉತ್ತರ ಕರ್ನಾಟಕದವರೂ ಕರಾವಳಿಯವರೂ ಬರೆದರೆ ಚೆನ್ನ, ನಾನು ಕೇಳಿ ಬೆಳೆದದ್ದು ಮಲೆನಾಡಿನ ಮಾತು. ಇದಕ್ಕಿಂತ ಒಳ್ಳೆಯ ಪದ, ಅದರಲ್ಲೂ '-ಇಸು' ಇಲ್ಲದ್ದು ಹೊಳೆದರೆ ತಿಳಿಸಿ. ಕೈಪಿಡಿ ಅಚ್ಚಿಗೆ ಹೋಗಲು ಇನ್ನೂ ಎರಡು ವಾರ ಇದೆ.