ಸಹಾಯ ಬೇಕು: ಪೈಥಾನ್ ಪ್ರೋಗ್ರಾಮ್‌ದಾಗ ಕನ್ನಡ ಹೆಸರು ಒಂದೇ ಇದ್ರೂ ಮ್ಯಾಚ್ ಆಗವಲ್ದು

ನಮಸ್ಕಾರ್ರಿ ಎಲ್ಲಾರಿಗೂ, ಕಲಬುರಗಿಯಿಂದ ಬರಿಲಿಕತ್ತೀನಿ. ತೊಗರಿ ಬೆಳೆಯೋ ರೈತರ ಎರಡು ಲಿಸ್ಟ್ ಅದಾವ, ಒಂದು ಎಕ್ಸೆಲ್‌ದಾಗಿಂದ ತಗದದ್ದು ಇನ್ನೊಂದು ಮೊಬೈಲ್‌ದಾಗ ಟೈಪ್ ಮಾಡಿದ್ದು, ಊರು ಹೆಸರು ಹೋಲಿಸಿ ಯಾರ್ದು ಬಿಟ್ಟದ ಅಂತ ಹುಡುಕಬೇಕು. ಕಣ್ಣಿಗೆ ಎರಡೂ ಕಡಿ ಸೇಡಂ ಅಂತನೇ ಕಾಣ್ತದ ಆದ್ರ ಎರಡೂ ಒಂದೇ ಏನು ಅಂತ ನೋಡೋ == ಹಾಕಿದ್ರ ಫಾಲ್ಸ್ (ಅಲ್ಲ) ಅಂತ ಬರ್ತದ. ಹಿಂದ ಮುಂದಿನ ಖಾಲಿ ಜಾಗ ತೆಗಿಯೋ ಸ್ಟ್ರಿಪ್ ಹಾಕ್ದೆ, ಆಗ್ಲಿಲ್ಲ. ಹೆಸರಿನ್ಯಾಗ ಎಷ್ಟು ಕೋಡ್ ಅದಾವ ಅಂತ ಲೆನ್‌ಲೆ ನೋಡಿದ್ರ ಒಂದ್ರಾಗ 4 ಇನ್ನೊಂದ್ರಾಗ 5! ಒಂದು ಕಡಿ ಏತ್ವ ಒಂದೇ ಕೋಡ್, ಇನ್ನೊಂದು ಕಡಿ ಎತ್ವ ಬ್ಯಾರೆ ದೀರ್ಘ ಬ್ಯಾರೆ. ಹಿಂಗ ಬಿಡಿ ಬಿಡಿ ಇದ್ದ ಕೋಡ್ ಕೂಡಿಸಿ ಒಂದೇ ರೂಪಕ್ಕ ತರೋ ಯೂನಿಕೋಡ್‌ಡೇಟಾದ ನಾರ್ಮಲೈಜ್ ಎನ್‌ಎಫ್‌ಸಿ ಎರಡಕ್ಕೂ ಹಾಕಿದ ಮ್ಯಾಲ ಅದು ಸರಿ ಆಯ್ತು.

ಆದ್ರ ಜೇವರ್ಗಿ ಇನ್ನೂ ಕೂಡವಲ್ದು. ಒಂದ್ರಾಗ ಅರ್ಕಾವತ್ತು ಅದ, ಇನ್ನೊಂದ್ರಾಗ ರ ಪೂರಾ ಕಾಣ್ತದ, ನಡುವ ಜೀರೋ ವಿಡ್ತ್ ಜಾಯ್ನರ್ (ಅಕ್ಷರ ಹೆಂಗ ಕೂಡಿ ಕಾಣಬೇಕು ಅಂತ ಹೇಳೋ, ಕಣ್ಣಿಗೆ ಕಾಣದ ಗುರುತು) ಕೂತದ, ಅದನ್ನ ಎನ್‌ಎಫ್‌ಸಿನೂ ತೆಗಿಯಲ್ಲ ಸ್ಟ್ರಿಪ್ಪೂ ತೆಗಿಯಲ್ಲ. ಹೋಲಿಸೋ ಮುಂದ ಅಷ್ಟೇ ಜಾಯ್ನರ್, ಅದರಂಗನೇ ಕಾಣದ ನಾನ್‌ಜಾಯ್ನರ್ ಗುರುತು ಎರಡೂ ರಿಪ್ಲೇಸ್‌ಲೆ ತೆಗೆದು, ಪ್ರಿಂಟಿಗೆ ಮೂಲ ಹೆಸರೇ ಇಟ್ಕೊಂಡ್ರ ನಡೀತದೇನ್ರಿ? ಹಂಗ ಮಾಡಿದ್ರ ಬ್ಯಾರೆ ಬ್ಯಾರೆ ಹೆಸರು ಒಂದಾಗಿಬಿಡೋ ಸಾಧ್ಯತಾ ಅದ ಏನು? ಒಬ್ಬ ರೈತನ ಹೆಸರೂ ತಪ್ಪಬಾರ್ದು ಅಂತ ಭಾಳ ಚಿಂತಿ ಆಗ್ಯದ. ಕನ್ನಡ ಡೇಟಾ ಮ್ಯಾಲ ಕೆಲಸ ಮಾಡಿದವ್ರು ಇದ್ರ ದಯವಿಟ್ಟು ಹೇಳ್ರಿ.